ಬಾಯಿಪಾಠವಾದ ರವಿವಾರ

ಹೈದರಾಬಾದಿನಲ್ಲಿ ಇಂಟರ್, ಅಂದರೆ ಪಿಯುಸಿ, ಓದುವ ಮಕ್ಕಳು ಫ್ರೆಂಚ್ ತೆಗೆದುಕೊಳ್ಳುವುದು ಪ್ಯಾರಿಸ್ ನೋಡುವ ಆಸೆಗಲ್ಲ, ಮಾರ್ಕಿನ ಆಸೆಗೆ. ಎರಡನೆಯ ಭಾಷೆ ತೆಲುಗೋ ಹಿಂದಿಯೋ ಆದರೆ ತಿಣುಕಬೇಕು. ಸಂಸ್ಕೃತಕ್ಕೂ ಫ್ರೆಂಚಿಗೂ ಮಾರ್ಕಿನ ಸುರಿಮಳೆ ಎಂಬುದು ಊರಿಗೆಲ್ಲ ಗೊತ್ತು. ಆ ಮಳೆಯಲ್ಲೇ ನನ್ನ ಹೊಟ್ಟೆ ತುಂಬಿದೆ, ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಆದರೂ ಬೈಯುತ್ತೇನೆ. ಹಗಲು ಜೂನಿಯರ್ ಕಾಲೇಜಿನಲ್ಲಿ ಪಾಠ, ಸಂಜೆ ಮತ್ತು ರವಿವಾರ ಸುಲ್ತಾನ್ ಬಜಾರಿನ ಹಿಂದಿನ ಓಣಿಯ ನಮ್ಮ ಮನೆಯಲ್ಲಿ ಟ್ಯೂಶನ್. ಹಲಗೆಯ ಮೇಲೆ ಫ್ರೆಂಚ್, ಬಾಯಲ್ಲಿ ಹಿಂದಿ, ಬೀದಿಗಿಳಿದರೆ ತೆಲುಗು. ಕನ್ನಡ ಅಡಿಗೆಮನೆಗೆ ಉಳಿದಿದೆ.

ಮಕ್ಕಳು ಮುಗ್ಗರಿಸುವುದು ಭೂತಕಾಲದಲ್ಲಿ. ಫ್ರೆಂಚರು ದಿನಬಳಕೆಗೆ ಎರಡು ಭೂತಕಾಲ ಇಟ್ಟುಕೊಂಡಿದ್ದಾರೆ. ಒಂದು ಪಾಸೆ ಕೊಂಪೊಜೆ, ನಡೆದು ಮುಗಿದದ್ದಕ್ಕೆ: ಹೋದೆ, ತಿಂದೆ, ನೋಡಿದೆ. ಅದಕ್ಕೆ ಮುಂದೊಂದು ಸಹಾಯಕ ಕ್ರಿಯಾಪದ ಬೇಕು, ಹಿಂದೆ ಮುಖ್ಯ ಕ್ರಿಯಾಪದದ ಭೂತರೂಪ. ಬಹುತೇಕ ಕ್ರಿಯಾಪದಗಳಿಗೆ ಒಂದೇ ಸಹಾಯಕ. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು ಇಂಥ ಕೆಲವಕ್ಕೆ ಮಾತ್ರ ಬೇರೆ. ಆ ಕೆಲವುಗಳಲ್ಲಿ, ಹೋದವರು ಹೆಣ್ಣಾದರೆ ಕೊನೆಗೆ ಒಂದು ಅಕ್ಷರ ಹೆಚ್ಚಿಗೆ ಬರೆಯಬೇಕು, ಓದುವಾಗ ಅದು ಕೇಳಿಸದಿದ್ದರೂ. ಇನ್ನೊಂದು ಭೂತಕಾಲ ಆಂಪರ್ಫೆ. ಆಗ ಹೇಗಿತ್ತು, ಏನು ನಡೆಯುತ್ತಿತ್ತು ಎಂಬುದಕ್ಕೆ: ಬಿಸಿಲಿತ್ತು, ಆಕೆ ನಗುತ್ತಿದ್ದಳು. ವರ್ತಮಾನಕಾಲದ 'ನಾವು' ರೂಪದ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದರೆ ಆಯಿತು. ಇಷ್ಟನ್ನು ತಿಳಿದುಕೊಳ್ಳುವುದಕ್ಕಿಂತ ಬಾಯಿಪಾಠ ಹೊಡೆಯುವುದು ಸಲೀಸು ಎಂಬುದು ನಮ್ಮ ಮಕ್ಕಳ ಸಿದ್ಧಾಂತ. 'ಕಳೆದ ರವಿವಾರ ಏನು ಮಾಡಿದಿರಿ' ಎಂಬ ಪ್ರಶ್ನೆಗೆ ಅವರಿಗೊಂದು ಸಿದ್ಧ ಪ್ಯಾರಾ ಬೇಕು. ಬಹಳ ವರ್ಷಗಳ ಹಿಂದೆ ನಾನೇ ಒಂದನ್ನು ಬರೆದುಕೊಟ್ಟೆ.

'ಕಳೆದ ರವಿವಾರ ನಾನು ತಂಗಿಯ ಜೊತೆ ವಿಮಾನ ನಿಲ್ದಾಣಕ್ಕೆ ಹೋದೆ. ಹವೆ ಚೆನ್ನಾಗಿತ್ತು. ನಾವು ವಿಮಾನಗಳನ್ನು ನೋಡಿದೆವು. ಐಸ್‌ಕ್ರೀಮ್ ತಿಂದೆವು. ತಂಗಿಗೆ ಸಂತೋಷವಾಗಿತ್ತು. ಐದು ಗಂಟೆಗೆ ಮನೆಗೆ ಮರಳಿದೆವು.'

ಎರಡೂ ಭೂತಕಾಲ ಇವೆ, ಎರಡೂ ಸಹಾಯಕಗಳಿವೆ, ಹೆಣ್ಣಿನ ಅಕ್ಷರವೂ ಇದೆ. ಪರೀಕ್ಷೆಗೆ ಇನ್ನೇನು ಬೇಕು? ಪ್ಯಾರಾ ಕೈಯಿಂದ ಕೈಗೆ ಹೋಗಿ, ಊರಿನ ಝೆರಾಕ್ಸ್ ಅಂಗಡಿಗಳಿಗೆಲ್ಲ ಹರಡಿತು. ಗಂಡುಹುಡುಗರೂ ಒಂದಕ್ಷರ ಬಿಡದೆ ಕಲಿತು, ಪರೀಕ್ಷೆಯಲ್ಲಿ ಹೆಣ್ಣಾಗಿಯೇ ವಿಮಾನ ನಿಲ್ದಾಣಕ್ಕೆ ಹೋಗಿ ಬರುತ್ತಿದ್ದರು. ಮೀಸೆ ಮೂಡಿದ ಹುಡುಗನಿಗೆ 'ಏನಮ್ಮಾ, ವಿಮಾನ ನೋಡಿ ಬಂದೆಯಾ?' ಎಂದು ನಾನೇ ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ.

ಆ ತಂಗಿ ನಿಜವಾಗಿ ಇದ್ದವಳು. ನನಗಿದ್ದ ಒಬ್ಬಳೇ ತಂಗಿ. ಬಾಣಂತನಕ್ಕೆಂದು ತವರಿಗೆ ಬಂದಳು. ಹೆರಿಗೆಯಾದ ಮೇಲೆ ರೋಗ ಗೊತ್ತಾಯಿತು, ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಆದ ಹೊಸತು, ಊರಿನ ಮಂದಿಯೆಲ್ಲ ಅದನ್ನು ನೋಡಲು ಹೋಗುತ್ತಿದ್ದರು. ವಿಮಾನ ಹತ್ತುವುದಂತೂ ಆಗಲಿಲ್ಲ, ಹತ್ತಿರದಿಂದ ನೋಡುತ್ತೇನೆ ಎಂದಳು. ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಅದಾಗಿ ಕೆಲವೇ ವಾರಕ್ಕೆ ತೀರಿಕೊಂಡಳು. ಕಾಲೇಜು ತೆರೆದಾಗ ಮಕ್ಕಳು ಪ್ಯಾರಾ ಕೇಳಿದರು. ನನ್ನ ತಲೆಯಲ್ಲಿ ಬೇರೆ ರವಿವಾರವೇ ಇರಲಿಲ್ಲ, ಇದನ್ನೇ ಬರೆದೆ.

ಆಮೇಲೆ ವರ್ಷವರ್ಷವೂ ನಮ್ಮ ಮನೆಯಲ್ಲಿ ಅದೇ ಗಿಳಿಪಾಠ. ಕೇಳಿ ಕೇಳಿ ಆ ದಿನವೇ ಸವೆದುಹೋಯಿತು. ಐಸ್‌ಕ್ರೀಮ್ ನಿಜವಾಗಿ ತಿಂದೆವೋ, ಸುಲಭದ ಪದವೆಂದು ಸೇರಿಸಿದೆನೋ, ದೇವರಾಣೆ ಈಗ ಹೇಳಲಾರೆ.

ತಂಗಿಯ ಗಂಡ ವರ್ಷದೊಳಗೆ ಇನ್ನೊಂದು ಮದುವೆಯಾದ. ಬಂದವಳು ಒಳ್ಳೆಯವಳು, ಕೂಸನ್ನು ಹೊಟ್ಟೆಯ ಮಗಳಂತೆ ಸಾಕಿದಳು. ಹೊಸ ಹೆಂಡತಿಯ ಮುಂದೆ ಸತ್ತವಳ ಸುದ್ದಿ ತೆಗೆಯಬಾರದು ಎಂಬುದು ನಮ್ಮ ಮಂದಿಯ ಮರ್ಯಾದೆ. ಆ ಮರ್ಯಾದೆಯನ್ನು ನಾವೆಲ್ಲ ಎಷ್ಟು ಚೆನ್ನಾಗಿ ಕಾಪಾಡಿದೆವೆಂದರೆ, ಹುಡುಗಿಗೆ ಹೆತ್ತ ತಾಯಿ ಎಂದರೆ ದೇವರಮನೆಯ ಒಂದು ಫೋಟೋ, ಪಿತೃಪಕ್ಷದ ಒಂದು ಎಡೆ. ಅಷ್ಟೇ.

ಹೋದ ವರ್ಷ ಆ ಹುಡುಗಿ ಇಂಟರ್‌ಗೆ ಸೇರಿ ಫ್ರೆಂಚ್ ತೆಗೆದುಕೊಂಡಳು. ಗಚ್ಚಿಬೌಲಿಯಿಂದ ರವಿವಾರ ಕ್ಯಾಬ್‌ನಲ್ಲಿ ನನ್ನ ಹತ್ತಿರ ಕಲಿಯಲು ಬರತೊಡಗಿದಳು. ಅವಳಿಗೆ ಆ ಪ್ಯಾರಾ ಕೊಡಬಾರದು, ಬೇರೆಯದು ಬರೆಯಬೇಕು ಎಂದುಕೊಂಡಿದ್ದೆ. ಭೂತಕಾಲಕ್ಕೆ ಬಂದ ದಿನ ಅವಳೇ ಚೀಲದಿಂದ ಹಾಳೆ ತೆಗೆದಳು.

"ದೊಡ್ಡವ್ವ, ಪ್ಯಾರಾ ಆಗಲೇ ಬರ್ತೈತ್ರಿ ನನಗ. ಗೆಳತಿ ಝೆರಾಕ್ಸ್ ಕೊಟ್ಟಾಳ."

ಒಂದೇ ಉಸಿರಿಗೆ ಒಪ್ಪಿಸಿದಳು. 'ತಂಗಿಗೆ ಸಂತೋಷವಾಗಿತ್ತು' ಎಂಬ ಸಾಲನ್ನು ಎಷ್ಟು ಗಂಟಲುಗಳಿಂದ ಕೇಳಿಲ್ಲ ನಾನು? ಈ ಗಂಟಲಿನಿಂದ ಕೇಳಲಾಗಲಿಲ್ಲ. ಧ್ವನಿ ಥೇಟ್ ನನ್ನ ತಂಗಿಯದು.

"ಯಾರದೋ ತಂಗಿ ಅಲ್ಲವ್ವಾ ಅದು," ಎಂದೆ. "ನಿಮ್ಮವ್ವ ಆಕಿ."

ಹುಡುಗಿ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನಮ್ಮವ್ವ ವಿಮಾನ ನೋಡಾಕ ಹೋಗಿದ್ಲೇನ್ರಿ?"

"ಹೌದು. ನಾನೇ ಕರ್ಕೊಂಡು ಹೋಗಿದ್ದೆ. ವಿಮಾನ ನೋಡಿದ್ವಿ. ಐಸ್‌ಕ್ರೀಮ್..."

"ಅದು ಬರ್ತೈತ್ರಿ. ನಮ್ಮ ಕ್ಲಾಸಿನಾಗ ಎಲ್ಲಾರಿಗೂ ಬರ್ತೈತಿ. ಇದರಾಗ ಇಲ್ಲದ್ದು ಒಂದರ ಹೇಳ್ರಿ."

ಯಾವ ಸೀರೆ ಉಟ್ಟಿದ್ದಳು? ದಾರಿಯಲ್ಲಿ ಏನು ಮಾತಾಡಿದಳು? ಹುಡುಗಿ ಕೇಳುತ್ತ ಹೋದಳು, ನಾನು ತಡಕಾಡುತ್ತ ಕೂತೆ. ಎಲ್ಲಿ ಕೈಹಾಕಿದರೂ ಅದೇ ಫ್ರೆಂಚ್ ವಾಕ್ಯಗಳು ಸಿಗುತ್ತಿದ್ದವು. ತಾಯಿ ಬೇಕು ಎಂದು ಮಗಳು ಕೇಳುತ್ತಿದ್ದಾಳೆ, ನನ್ನ ಹತ್ತಿರ ಇರುವುದು ಪರೀಕ್ಷೆಯ ಉತ್ತರ. ಅಷ್ಟು ಬಡವಿ ಎಂದು ನನಗೆ ನಾನು ಯಾವತ್ತೂ ಅನ್ನಿಸಿರಲಿಲ್ಲ.

ಹುಡುಗಿ ಬಿಡಲಿಲ್ಲ. ಹಾಳೆಯನ್ನು ಮತ್ತೆ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಐದಕ್ಕ ಯಾಕ ಬಂದ್ರಿ? ಕತ್ತಲಾದ ಮ್ಯಾಲೆ ವಿಮಾನ ಭಾಳ ಚಂದ ಕಾಣ್ತಾವಲ್ಲ, ಲೈಟ್ ಹಾಕ್ಕೊಂಡು."

ಕತ್ತಲಾಗುವವರೆಗೆ ಇರುವುದು ಎಂದೇ ಹೋಗಿದ್ದೆವು. ಆ ದೀಪಗಳನ್ನು ನೋಡುವುದೇ ಅವಳ ಆಸೆಯಾಗಿತ್ತು. ಡ್ರೈವರಿಗೂ ಹಾಗೇ ಹೇಳಿದ್ದೆ. ರಸ್ತೆ ಬದಿಯಲ್ಲಿ ಚಾಪೆ ಹಾಸಿ ಕೂತು ಸ್ವಲ್ಪ ಹೊತ್ತಾಗಿತ್ತು, ಅವಳು ನೆಲಕ್ಕೆ ಕೈಯೂರಿ ಏಳತೊಡಗಿದಳು. "ಅಕ್ಕಾ, ಕೂಸು ಎದ್ದು ಅಳಾಕತ್ತಿರತೈತಿ. ನಡಿ, ಹೋಗೂಣು." ಮನೆಯಲ್ಲಿ ಅವ್ವ ಇದ್ದಾಳೆ, ನೋಡಿಕೊಳ್ಳುತ್ತಾಳೆ, ಅಗೋ ಇನ್ನೊಂದು ಬಂತು ನೋಡು ಎಂದೆ. ತಲೆಯ ಮೇಲಿಂದಲೇ ಇಳಿದುಹೋಯಿತು ವಿಮಾನ, ಅವಳು ಕತ್ತೆತ್ತಲಿಲ್ಲ. ದಾರಿಯುದ್ದಕ್ಕೂ ಎರಡೂ ಕೈಗಳಿಂದ ಮುಂದಿನ ಸೀಟನ್ನು ಹಿಡಿದು ಕೂತಿದ್ದಳು. ಸಂತೋಷವೂ ಇಲ್ಲ, ಮಣ್ಣೂ ಇಲ್ಲ. ಪ್ಯಾರಾಕ್ಕೆ ಒಂದು ವಿಶೇಷಣ ಬೇಕಿತ್ತೆಂದು ನಾನು ಬರೆದದ್ದು ಅದು. ಯಾರು ಯಾರಿಗೆ ಏನು ಹೇಳಿದರು ಎಂಬುದು ಸಿಲೆಬಸ್ಸಿನಲ್ಲಿರಲಿಲ್ಲ, ಹಾಗಾಗಿ ಅವಳ ಮಾತು ಪ್ಯಾರಾದ ಹೊರಗೆ ಉಳಿದಿತ್ತು. ಈಗ ಅದನ್ನು ಅವಳ ಮಗಳಿಗೆ ಇದ್ದಂತೆ ಹೇಳಿದೆ.

ಹುಡುಗಿ ಹಾಳೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು:

"ಎದ್ದಿದ್ನೇನು ನಾ?"

"ಇಲ್ಲವ್ವಾ. ಮಲಗಿದ್ದಿ. ಎಬ್ಬಿಸಬ್ಯಾಡ ಅಂದ್ಲು ನಮ್ಮವ್ವ. ನಿಮ್ಮವ್ವ ನೀ ಏಳೂತನಕ ನಿನ್ನ ಬಾಜೂಕ ಕೂತಿದ್ಲು."

"ಭಾಳ ಹೊತ್ತೇನು?"

"ಭಾಳ ಹೊತ್ತು."

ಆಗ ಅತ್ತಳು. ಹೆತ್ತ ತಾಯಿಗಾಗಿ ಅವಳು ಅತ್ತದ್ದು ಅದೇ ಮೊದಲಿರಬೇಕು; ಅದಕ್ಕೆ ಮುಂಚೆ ಅಳಲು ಅವಳ ಹತ್ತಿರ ಏನಿತ್ತು? ನಾನೂ ಅತ್ತೆ. ಟ್ಯೂಶನ್ನಿನ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿತು, ಇಬ್ಬರೂ ಏಳಲಿಲ್ಲ.