ಯಾರನ್ನೂ ದಾಟಲು ಬಿಡದವನು

ಕಳೆದ ಸೋಮವಾರ ಬೆಳಿಗ್ಗೆ ಫ್ಯಾಕ್ಟರಿ ಗೇಟಿನಲ್ಲಿ ನನ್ನನ್ನು ಅಡ್ಡಗಟ್ಟಿ ನಿಲ್ಲಿಸಿದ ಮನುಷ್ಯನಿಗೆ ಆ ಗೇಟಿನ ಕೆಲಸ ಸಿಗಲೆಂದು ಅರ್ಜಿ ಬರೆದುಕೊಟ್ಟವನು ಯಾರು ಗೊತ್ತೇ? ನಾನೇ.

ಲೇಟಾದದ್ದು ನಾಲ್ಕೇ ನಾಲ್ಕು ನಿಮಿಷ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಡೊಂಬಿವಲಿಯಲ್ಲಿ ಹೊತ್ತಿಗೆ ಸರಿಯಾಗಿ ಗಾಡಿ ಹತ್ತಿದ್ದೆ. ದಿವಾದ ರೈಲ್ವೆ ಗೇಟಿನ ಫಾಟಕ್ ದಾಟಲು ಒಂದು ಲಾರಿ ಹಟ ಹಿಡಿದು ಹಳಿಯ ಮೇಲೇ ನಿಂತುಬಿಟ್ಟಿತು. ನಮ್ಮ ಲೋಕಲ್ ಅದರ ಮುಂದೆ ನಿಂತು ಕೂಗಿದ್ದೇ ಕೂಗಿದ್ದು. ಥಾಣೆಯಲ್ಲಿ ಇಳಿದು, ಟಿಫಿನ್ ಡಬ್ಬಿ ಎದೆಗೆ ಅವಚಿಕೊಂಡು ಓಡಿ ಬಂದರೆ ಗೇಟಿನಲ್ಲಿ ಸಂಜೀವ ನಿಂತಿದ್ದಾನೆ.

"ಸಂಜೀವಾ, ನಾ ಅದೀನೋ!" ಎಂದೆ.

"ನೀವೇ ಅಂತ ಗೊತ್ತುಂಟು ಮಾರಾಯ್ರೆ. ಗಡಿಯಾರಕ್ಕೆ ಗೊತ್ತಿಲ್ಲ ಅಲ್ವಾ?" ಎಂದ.

ಅದೇ ಹೊತ್ತಿಗೆ ಮಾಲಿನ ಟೆಂಪೊ ಒಂದು ಒಳಗೆ ಹೊರಟಿತು. ಅದರ ಮರೆಯಲ್ಲಿ ಎಡಕ್ಕೆ ನುಗ್ಗಿದೆ. ಅವನು ಎಡಕ್ಕಿದ್ದ. ಬಲಕ್ಕೆ ತಿರುಗಿದೆ. ಬಲಕ್ಕೂ ಇದ್ದ. ಒಂದು ಮೊಣಕಾಲು ಸತ್ತ ಮನುಷ್ಯ, ಹೆಜ್ಜೆ ಹಾಕಿದ್ದೇ ನನಗೆ ಕಾಣಲಿಲ್ಲ! ಒಳಗಿದ್ದ ವಾಚ್‌ಮನ್‌ಗಳು ಚಪ್ಪಾಳೆ ತಟ್ಟಿದರು. ನನ್ನ ಕಾರ್ಡಿನ ಮೇಲೆ ಕೆಂಪು ಶಾಯಿ ಬಿತ್ತು. ಅರ್ಧ ದಿನದ ರಜೆ ಖಲಾಸ್.

ಮೈಯೆಲ್ಲ ಉರಿದುಹೋಯಿತು. ನಿಮಗಾದರೆ ಉರಿಯುತ್ತಿರಲಿಲ್ಲವೇ?

ಸಂಜೀವ ಯಾರೆಂದು ಹೇಳದೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಎಪ್ಪತ್ತನೇ ಇಸವಿಯ ಆಚೀಚೆ ದಕ್ಷಿಣ ಕನ್ನಡದಿಂದ ವಿಠ್ಠಲವಾಡಿಯ ಅಕ್ಕನ ಮನೆಗೆ ಬಂದವನು. ಸಂಜೆಯಾದರೆ ಕಲ್ಯಾಣದ ಮೈದಾನದಲ್ಲಿ ಫುಟ್‌ಬಾಲ್. ನಮ್ಮ ಕಂಪನಿಯ ಕೋಚ್ ಒಂದು ದಿನ ಅಲ್ಲಿಗೆ ಬಂದದ್ದು ಬೇರೊಬ್ಬ ಫಾರ್ವರ್ಡ್‌ನನ್ನು ನೋಡಲು. ಆ ಫಾರ್ವರ್ಡ್‌ಗೆ ಇಡೀ ಆಟದಲ್ಲಿ ಒಂದು ಸಲವೂ ಗೋಲಿನ ಹತ್ತಿರ ಸುಳಿಯಲು ಆಗಲಿಲ್ಲ. "ಅವನನ್ನು ತಡೆದವನು ಯಾರು?" ಎಂದು ಕೇಳಿದ ಕೋಚ್ ಸಂಜೀವನನ್ನು ಕರೆದುಕೊಂಡು ಬಂದರು.

ಹಾಗೆ ಅವನು ನಮ್ಮ ಟೀಮಿನ ಸ್ಟಾಪರ್ ಬ್ಯಾಕ್ ಆದ. ಅಂದರೆ ಗೋಲ್‌ಕೀಪರ್‌ನ ಮುಂದೆ ನಿಂತು, ಬಂದವರನ್ನೆಲ್ಲ ತಡೆಯುವವನು. ಕಂಪನಿ ಟೀಮುಗಳ ವ್ಯವಸ್ಥೆ ಗೊತ್ತಲ್ಲ? ಹೆಸರಿಗೆ ಸ್ಟೋರ್ಸ್ ವಿಭಾಗದ ಗುಮಾಸ್ತ. ಬೆಳಿಗ್ಗೆ ಬಂದು ಕಾರ್ಡ್ ಪಂಚ್ ಮಾಡುವುದು, ನಟ್ಟು ಬೋಲ್ಟು ಎಣಿಸಿದಂತೆ ಮಾಡುವುದು, ಊಟವಾದ ಮೇಲೆ ಬೂಟು ಹಿಡಿದು ಪ್ರಾಕ್ಟೀಸ್‌ಗೆ ಹೊರಡುವುದು. ನಾವು ಟೈಪಿಸ್ಟ್‌ಗಳು ಕಿಟಕಿಯಿಂದ ನೋಡಿ ಹೊಟ್ಟೆ ಉರಿಸಿಕೊಳ್ಳುವುದು. ಹನ್ನೆರಡು ವರ್ಷ ಹೀಗೇ ನಡೆಯಿತು.

ಆಮೇಲೆ ಅವನ ಬಲ ಮೊಣಕಾಲು ಹೋಯಿತು. ಅದರ ಹಿಂದೆಯೇ ಟೀಮೂ ಹೋಯಿತು. ಹೊಸ ಮ್ಯಾನೇಜ್‌ಮೆಂಟ್‌ಗೆ ಚೆಂಡಿನ ಆಟ ಬೇಡವಾಯಿತು. ಆಟಗಾರರೆಲ್ಲ ಗೋದಾಮಿನ ಲೋಡಿಂಗ್ ಶಿಫ್ಟಿಗೆ ಹೋಗಬೇಕು, ಸಾಧನೆ ಮಾಡಿದ ಒಬ್ಬನಿಗೆ ಮಾತ್ರ ಗೇಟಿನಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಜಾಗ ಎಂದು ನೋಟಿಸ್ ಬಂತು.

ಆ ಕಾಲಿನಲ್ಲಿ ಮೂಟೆ ಹೊರುವುದೆಂದರೆ? ತಿಂಗಳೊಳಗೆ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದು ಖಂಡಿತ. ಅವನಿಗೂ ಅದು ಗೊತ್ತಿತ್ತು. ಫಾರ್ಮ್ ಹಿಡಿದು ನೇರ ನನ್ನ ಟೇಬಲ್ಲಿಗೆ ಬಂದ. "ನೀವು ವಾರವಾರ ಪೇಪರಿನಲ್ಲಿ ಬರೆಯುವವರಲ್ವಾ, ಸ್ವಲ್ಪ ಚಂದ ಮಾಡಿ ಬರೀರಿ" ಎಂದ.

ಬರೆಯುವವನಿಗೆ ಇಷ್ಟು ಹೇಳಿದರೆ ಸಾಕಲ್ಲ! ಊಟದ ಬಿಡುವಿನಲ್ಲಿ ಟೈಪ್ ಮಾಡಲು ಕುಳಿತೆ. (ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ. ಚೆಂಡು ದುಂಡಗಿರುತ್ತದೆ.) ಹೆಸರಾಯಿತು, ವರ್ಷಗಳಾದವು. ಮುಂದಿನ ಕಾಲಮ್ಮು, ಹೊಡೆದ ಗೋಲುಗಳು.

"ಎಷ್ಟೋ?"

"ಒಂದು."

"ಒಂದs? ಇರಲಿ ಬಿಡು. ಯಾವ ಮ್ಯಾಚಿನ್ಯಾಗ?"

"ಸೆಮಿಫೈನಲ್."

ನನಗೆ ರೆಕ್ಕೆ ಬಂತು. 'ಸೆಮಿಫೈನಲಿನಂಥ ನಿರ್ಣಾಯಕ ಘಟ್ಟದಲ್ಲಿ ಗೋಲು ಹೊಡೆದು ಪಂದ್ಯದ ಗತಿಯನ್ನೇ ಬದಲಿಸಿದವರು. ಯಾರನ್ನೂ ಸುಮ್ಮನೆ ದಾಟಲು ಬಿಟ್ಟವರಲ್ಲ' ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಕುಟ್ಟಿದೆ. ಅವನು ಸೈನ್ ಹಾಕಿದ. ಫಾರ್ಮ್ ಒಳಗೆ ಹೋಯಿತು.

ಮರುದಿನ ಸಂಜೆ ಅವನ ಮನೆಗೆ ಚಹಾಕ್ಕೆ ಹೋದೆ. ಹೆಂಡತಿ ಜಲಜಾ ಒಂದು ಫೈಲು ತಂದು ಮುಂದಿಟ್ಟಳು. ಗಂಡನ ಹೆಸರು ಪೇಪರಿನಲ್ಲಿ ಬಂದಾಗಲೆಲ್ಲ ಕತ್ತರಿಸಿ ಅಂಟಿಸಿದ್ದಾಳೆ. ಹನ್ನೆರಡು ವರ್ಷಕ್ಕೆ ಒಟ್ಟು ಮೂರು ತುಣುಕು.

ಮೊದಲನೆಯದು, ಎದುರಾಳಿಯ ಕಾಲಿಗೆ ಕಾಲು ಕೊಟ್ಟದ್ದಕ್ಕೆ ರೆಫರಿ ಸಂಜೀವನನ್ನು ಹೊರಗೆ ಕಳಿಸಿದ ಸುದ್ದಿ. ಎರಡನೆಯದು, 'ಮೊಣಕಾಲಿನ ಪೆಟ್ಟಿನಿಂದ ಸಂಜೀವ ಆಡಲಿಲ್ಲ. ತಂಡ ಸುಲಭವಾಗಿ ಗೆದ್ದಿತು.' ಮೂರನೆಯದನ್ನು ಎರಡೆರಡು ಸಲ ಓದಿದೆ. ಸೆಮಿಫೈನಲಿನಲ್ಲಿ ಸಂಜೀವನ ತಲೆಗೆ ತಗುಲಿದ ಚೆಂಡು ಸ್ವಂತ ಗೋಲಿನೊಳಗೇ ಹೋಯಿತು. ಅದರಿಂದಲೇ ತಂಡ ಸೋತಿತು!

"ಏ ಪುಣ್ಯಾತ್ಮಾ! ಇದನ್ನ್ಯಾಕ ಮೊದಲs ಹೇಳಲಿಲ್ಲೋ?"

"ಎಷ್ಟು ಗೋಲು ಅಂತ ಕೇಳಿದ್ರಿ, ಹೇಳಿದೆ. ಯಾವ ಕಡೆಗೆ ಅಂತ ನೀವು ಕೇಳ್ಲೇ ಇಲ್ಲಲ್ಲ ಮಾರಾಯ್ರೆ. ನೀವು ಬರೆದದ್ದು ಅಂದ್ರೆ ಸರಿಯೇ ಇರ್ತದೆ ಅಂತ ಸೈನ್ ಹಾಕಿದೆ."

ಜಲಜಾ ನಗಲಿಲ್ಲ. "ಅಣ್ಣಾ, ಇವರು ಎಷ್ಟು ಜನರನ್ನು ತಡೆದಿದ್ದಾರೆ ಅಂತ ಯಾರೂ ಬರೆಯುದಿಲ್ವಾ? ಆ ಮೂಟೆ ಹೊರುವ ಕೆಲಸಕ್ಕೆ ಹಾಕಿದ್ರೆ ಇವರ ಕಾಲು ಉಳಿಯುದಿಲ್ಲ" ಎಂದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಬರೆಯುವವರು ಯಾರು? ನಮ್ಮ ಬಿಲ್ಡಿಂಗಿಗೆ ನೀರು ಬಂದ ದಿನ ಯಾರಾದರೂ ಸೆಕ್ರೆಟರಿಯ ಬಾಗಿಲು ತಟ್ಟಿ ಥ್ಯಾಂಕ್ಸ್ ಹೇಳಿದ್ದುಂಟೇ? ಗಾಡಿ ಹೊತ್ತಿಗೆ ಬಂದ ದಿನ ಮೋಟರ್‌ಮನ್‌ನ ಮುಖ ನೋಡಿದ್ದುಂಟೇ? ನನ್ನ ಹೆಂಡತಿ ಹದಿನಾಲ್ಕು ವರ್ಷದಿಂದ ಸಾರು ಮಾಡುತ್ತಿದ್ದಾಳೆ. ಉಪ್ಪು ಹೆಚ್ಚಾದ ಎರಡು ದಿನ ನನಗೆ ಈಗಲೂ ನೆನಪಿವೆ. (ಇದನ್ನು ಅವಳು ಓದುತ್ತಾಳೆ. ಇವತ್ತಿನ ಸಾರಿನ ಬಗ್ಗೆ ಭಯವಿದೆ.)

ಇಂಟರ್‌ವ್ಯೂ ದಿನ ಬಂತು. ನಡೆದದ್ದನ್ನೆಲ್ಲ ಬರೆದುಕೊಳ್ಳಲು ಅಲ್ಲಿ ನನ್ನನ್ನೇ ಕೂರಿಸಿದರು. ಮಾಡಿದ ಪಾಪಕ್ಕೆ ಶಿಕ್ಷೆ! ಸಂಜೀವನ ಮುಂಚೆ ಒಳಗೆ ಬಂದವನು ಟೀಮಿನ ಫಾರ್ವರ್ಡ್. ಅವನ ಫೈಲು ಇಟ್ಟಿಗೆಯಷ್ಟು ದಪ್ಪ. ಇಪ್ಪತ್ತಾರು ಗೋಲು, ಫೋಟೊ, ಹಾರ, ಕಪ್ಪು. ಕಾಲೆರಡೂ ಗಟ್ಟಿ.

ಆಮೇಲೆ ಸಂಜೀವ ಕುಂಟುತ್ತ ಬಂದು ಕುಳಿತ. ಪರ್ಸನೆಲ್ ಆಫೀಸರ್ ಬೇರೆ ಕಂಪನಿಯಿಂದ ಹೊಸದಾಗಿ ಬಂದ ಮರಾಠಿ ಮನುಷ್ಯ. ಫಾರ್ಮನ್ನು ನಿಧಾನವಾಗಿ ಓದಿದರು. ಕನ್ನಡಕ ತೆಗೆದರು.

"ಯೇ ಏಕ್ ಗೋಲ್, ಕಿಸ್ ಟೀಮ್ ಪೇ ಮಾರಾ?"

ಸುಳ್ಳು ಹೇಳೋ ಮಾರಾಯ, ಯಾವುದಾದರೂ ಟೀಮಿನ ಹೆಸರು ಹೇಳು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಅಪ್ನೀಚ್ ಟೀಮ್ ಪೇ, ಸಾಬ್" ಎಂದು, ಸ್ವಂತ ಟೀಮಿಗೇ ಹೊಡೆದದ್ದೆಂದು ಒಪ್ಪಿಕೊಂಡುಬಿಟ್ಟ.

ಮುಗಿಯಿತು ಎಂದುಕೊಂಡೆ. ಪೆನ್ನು ಕೆಳಗಿಟ್ಟೆ.

ಆಫೀಸರ್ ಎದ್ದು ಟೇಬಲ್ ಸುತ್ತಿ ಬಂದರು. ಎಡಗಾಲನ್ನು ಕುರ್ಚಿಯ ಮೇಲಿಟ್ಟು ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿದರು. (ನೆನಪಿರಲಿ, ಪರ್ಸನೆಲ್ ಆಫೀಸರ್!) ಮೊಣಕಾಲಿನ ಕೆಳಗೆ ಬೂಟಿನ ತಳದ ಸ್ಟಡ್ಡಿನ ಹಳೆಯ ಗುರುತು, ನಾಲ್ಕಾಣೆ ನಾಣ್ಯದಷ್ಟು.

"ಪೆಹಚಾನಾ?"

ಸಂಜೀವ ಬಗ್ಗಿ ನೋಡಿದ. ಮುಖ ನೋಡಿ ಸಿಗದ ಗುರುತು ಕಾಲು ನೋಡಿ ಸಿಕ್ಕಿತು. "ಅರೇ! ನೌ ನಂಬರ್!" ಎಂದ.

ಆ ಸೆಮಿಫೈನಲಿನಲ್ಲಿ ಎದುರು ಟೀಮಿನ ಒಂಬತ್ತನೇ ನಂಬರ್ ಜರ್ಸಿ ತೊಟ್ಟವರು ಇದೇ ಸಾಹೇಬರು. ಅವರು ಹಿಂದಿ ಮರಾಠಿ ಬೆರೆಸಿ ಹೇಳಿದ ಮಾತಿನ ಸಾರ ಇಷ್ಟು: ಆ ಒಂದು ಗೋಲಿನಿಂದ ನಾವು ಗೆದ್ದೆವು, ನನಗೆ ಹಾರ ಹಾಕಿದರು. ಆದರೆ ಅವತ್ತು ಇಡೀ ಮ್ಯಾಚಿನಲ್ಲಿ ನಿಮ್ಮ ಗೋಲ್‌ಕೀಪರ್‌ನ ಮುಖ ಹೇಗಿದೆ ಅಂತ ನೋಡಲು ಈ ಮನುಷ್ಯ ನನ್ನನ್ನು ಬಿಡಲಿಲ್ಲ. ಫಾರ್ಮಿನಲ್ಲಿ ಆ ಗೋಲನ್ನು ಸಾಧನೆ ಅಂತ ಬರೆದದ್ದು ಕಂಡು ಸಿಟ್ಟು ಬಂದಿತ್ತು. ಸುಳ್ಳು ಹೇಳಿದ್ದರೆ ಇವತ್ತೇ ಲೋಡಿಂಗ್‌ಗೆ ಕಳಿಸುತ್ತಿದ್ದೆ.

ಹಾಗೆಂದು ಅವರು ನನ್ನ ಕಡೆ ನೋಡಿದರು. ನಾನು ಚಾವಣಿಯ ಫ್ಯಾನ್ ನೋಡಿದೆ.

ಸಂಜೀವನಿಗೆ ಟೈಮ್ ಆಫೀಸ್ ಸಿಕ್ಕಿತು. ಗೇಟಿನ ಪಕ್ಕ ಒಂದು ಸ್ಟೂಲು, ಮೇಲೊಂದು ಗಡಿಯಾರ. ಅವತ್ತು ಸಂಜೆ ಜಲಜಾ ಡಬ್ಬಿ ತುಂಬ ನೀರ್ ದೋಸೆ, ಚಟ್ನಿ ಕಳಿಸಿದಳು. ತಿನ್ನುವಾಗ ನನ್ನ ಕಣ್ಣು ಒದ್ದೆಯಾಯಿತು. ಖಾರಕ್ಕಲ್ಲ.

ಇಷ್ಟೆಲ್ಲ ಆದ ಮೇಲೆ, ಅದೇ ಸಂಜೀವ, ಅದೇ ಗೇಟು, ನನಗೇ ಕೆಂಪು ಶಾಯಿ! ಸೋಮವಾರ ಮಧ್ಯಾಹ್ನ ಜಗಳ ಮಾಡಲೆಂದೇ ಹೋದೆ. "ಏನಲೇ, ಉಪಕಾರಕ್ಕ ಇದೇನೋ?" ಎಂದೆ.

ಅವನು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟು, ತನ್ನ ಡಬ್ಬಿಯ ಮೀನು ಹುರಿದದ್ದನ್ನು ಮರೆಮಾಡಿ (ನಾನು ತಿನ್ನುವುದಿಲ್ಲ ಪಾಪ), ಹೇಳಿದ:

"ಯಾರನ್ನೂ ಸುಮ್ಮನೆ ದಾಟಲು ಬಿಡುವುದಿಲ್ಲ ಅಂತ ಬರೆದದ್ದು ನೀವಲ್ವಾ? ಸೈನ್ ಹಾಕಿದ್ದೇನೆ ಮಾರಾಯ್ರೆ. ಅದೊಂದಾದರೂ ನಿಜ ಆಗಬೇಕಲ್ಲ?"

ನನ್ನ ಡಬ್ಬಿ ಬಿಚ್ಚಿ, ಅವನ ಜೊತೆ ಊಟ ಮಾಡಿ ಬಂದೆ.

ಜಲಜಾ ತಂಗಿ, ಈ ವಾರದ ಪೇಪರಿಗೆ ಕತ್ತರಿ ಹಾಕು. ನಿನ್ನ ಗಂಡ ಒಬ್ಬನನ್ನು ತಡೆದ ಸುದ್ದಿ ಕೊನೆಗೂ ಅಚ್ಚಾಗಿದೆ.