ಝಳಕಿಯ ಗಂಗಿ ಹೊಳೆದಂಡೆಗೆ ಹೋದದ್ದು

ಏಪ್ರಿಲ್‌ನ ಒಂದು ಮುಂಜಾನೆ, ಬಿಸಿಲೇರುವ ಮೊದಲೇ, ಝಳಕಿಯಿಂದ ಸಣ್ಣ ಟೆಂಪೊದಲ್ಲಿ ಹೊರಟೆವು. ನಿವೃತ್ತ ಪಶುವೈದ್ಯನಾದ ನಾನು, ನೆರೆಮನೆಯ ಶಾಂತವ್ವ, ಚಾಲಕ. ಹಿಂದೆ ಶಾಂತವ್ವನ ಗಬ್ಬದ ಕಿಲಾರಿ ಆಕಳು ಗಂಗಿ.

ಕಳೆದ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಹೊಳೆದಂಡೆಯ ತಂಗಡಗಿ ಊರಿನ ಮೇವು ಕೊಳೆತಾಗ ನಮ್ಮೂರವರು ಒಣಮೇವಿಗೆ ಜೋಳದ ಕಣಿಕೆ ಕಳಿಸಿದ್ದರು. ವರ್ಷದಿಂದ ವರ್ಷಕ್ಕೆ ಏರುತ್ತಿರುವ ಬಿಸಿಲಿಗೆ ನಮ್ಮಲ್ಲಿ ಹಸಿಮೇವೇ ಉಳಿಯುತ್ತಿಲ್ಲ. ಹೀಗಾಗಿ ಗಬ್ಬದ ಆಕಳುಗಳನ್ನು ಮಳೆಯಾಗುವವರೆಗೆ ಸಾಕಿಕೊಡಲು ತಂಗಡಗಿಯವರು ಒಪ್ಪಿದ್ದರು. ಮೊದಲು ಹೊರಟವಳು ಗಂಗಿ.

"ಒಂದಿನಾನೂ ಮನಿ ಬಿಟ್ಟಾಕಿ ಅಲ್ರಿ ಈಕಿ," ಎಂದು ಶಾಂತವ್ವ ಇಂಡಿ ದಾಟುವವರೆಗೂ ಹೇಳುತ್ತಲೇ ಇದ್ದಳು. ಸಿಂದಗಿಯಲ್ಲಿ ಚಹಾಕ್ಕೆ ನಿಂತೆವು. ಆಕೆ ಬುತ್ತಿ ಬಿಚ್ಚಿ, ತಾನು ತಿನ್ನುವ ಮೊದಲು ಒಂದು ರೊಟ್ಟಿ ಗಂಗಿಯ ಬಾಯಿಗಿಟ್ಟಳು.

ಬಸವನ ಬಾಗೇವಾಡಿ ದಾಟಿದ ಮೇಲೆ ಗಂಗಿ ಮೊಣಕಾಲೂರಿ ಕುಸಿದಳು. ನಾಲಗೆ ಹೊರಬಿದ್ದಿತ್ತು, ಮೈ ಕೆಂಡದಂತಿತ್ತು. ಬೇವಿನ ಮರದಡಿ ಟೆಂಪೊ ನಿಲ್ಲಿಸಿ, ಇದ್ದ ನೀರನ್ನೆಲ್ಲ ಆಕೆಯ ಮೈಮೇಲೆ ಸುರಿದೆವು. ಸಾಲಲಿಲ್ಲ.

"ಹೊಳ್ಳಿ ಹೋಗೂನ್ರಿ ಸಾಹೇಬ್ರ," ಎಂದಳು ಶಾಂತವ್ವ.

"ಹಿಂದಿನ ದಾರಿ ಇನ್ನೂ ದೂರ ಐತಿ ಶಾಂತವ್ವ," ಎಂದು ನಾನು ತಂಗಡಗಿಯ ನೀಲವ್ವನಿಗೆ ಫೋನ್ ಮಾಡಿದೆ. ಗಂಗಿಯನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳಲಿದ್ದವಳು ಆಕೆಯೇ.

"ನೆರಳು ಬಿಟ್ಟು ಕದಲಬ್ಯಾಡ್ರಿ. ನಾನೇ ಬರ್ತೇನಿ," ಎಂದಳು.

ಅವಳು ಬರುವವರೆಗೂ ಶಾಂತವ್ವ ಗಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದಳು. ಒಂದು ತಾಸಿಗೂ ಮೇಲಾಯಿತು. ನೀಲವ್ವ ಗಂಡನ ಜೀಪಿನಲ್ಲಿ ನೀರಿನ ಕ್ಯಾನುಗಳನ್ನೂ ಒಂದು ಹೊರೆ ಹಸಿಹುಲ್ಲನ್ನೂ ತಂದಳು. ಗೋಣಿತಟ್ಟು ತೋಯಿಸಿ ಗಂಗಿಯ ಬೆನ್ನಿಗೆ ಹೊದಿಸಿದಳು. ಗಂಗಿ ಎರಡು ಬಕೆಟ್ ನೀರು ಕುಡಿದಳು. ಸ್ವಲ್ಪ ಹೊತ್ತಿಗೆ ಎದ್ದು ನಿಂತಳು. ಶಾಂತವ್ವ ನೀಲವ್ವನ ಕೈ ಹಿಡಿದು ಅತ್ತುಬಿಟ್ಟಳು.

ಹೊತ್ತು ಇಳಿಯುವವರೆಗೆ ಅಲ್ಲೇ ಇದ್ದು, ಮುದ್ದೇಬಿಹಾಳದ ಮೇಲೆ ಹಾದು ಸಂಜೆಗೆ ತಂಗಡಗಿ ಸೇರಿದೆವು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೊಟ್ಟಿಗೆಗೆ ಹೊಸ ಗರಿಯ ಚಪ್ಪರ ಹಾಕಿದ್ದರು.

"ಎಡಗಡಿಂದ ಹೋಗಬ್ಯಾಡವಾ, ಒದಿತಾಳ," ಗಂಗಿಯನ್ನು ಕಟ್ಟಲು ಹೋದ ನೀಲವ್ವನನ್ನು ಶಾಂತವ್ವ ಎಚ್ಚರಿಸಿದಳು.

"ಒದೀಲಿ ಬಿಡ ಯಕ್ಕಾ. ನಿಮ್ಮ ಕಣಕಿ ತಿಂದು ಬದುಕಿದ ನಮ್ಮ ಎಮ್ಮಿನೂ ಒದಿತಾವ."

ಮರುದಿನ ಬೆಳಿಗ್ಗೆ ಹೊರಟಾಗ ಶಾಂತವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಹಿಡಿದು ಕರೆದಳು. ಗಂಗಿ ಹುಲ್ಲಿನಿಂದ ಮುಖ ಎತ್ತಲಿಲ್ಲ.

"ನೋಡ್ರಿ, ಎಂಥಾ ಸೊಕ್ಕು!" ಎಂದು ಟೆಂಪೊ ಹತ್ತಿದಳು. ಊರು ಮರೆಯಾಗುವವರೆಗೆ ಹಿಂದೆಯೇ ನೋಡುತ್ತಿದ್ದವಳು, ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಹಿಂಗ ಹೊಟ್ಟಿತುಂಬ ತಿಂದದ್ದು ನೋಡಿ ಎಷ್ಟ ದಿನಾ ಆಗಿತ್ತರಿ."