ಹತ್ತಿ ಕೂರದ ಬದಿ

ಕಾಲೇಜಿನಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ತಲೆಗೂದಲಲ್ಲಿ, ಹುಬ್ಬಿನಲ್ಲಿ, ಅಂಗಿಯ ತೋಳಿನಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಅಂಟಿಸಿಕೊಂಡೇ ತರಗತಿಗೆ ಬರುತ್ತಿದ್ದಳು. ಜೊತೆಯ ಹುಡುಗಿಯರು ಮೊದಲ ವಾರದಲ್ಲೇ 'ಹತ್ತಿ' ಎಂದು ಹೆಸರಿಟ್ಟರು. ಅವಳು ಜಗಳವಾಡದೆ ಓಗೊಟ್ಟಳು. ಅಣ್ಣ ಮತ್ತು ಅಕ್ಕನ ಜೊತೆ ಹಾಸಿಗೆ ಹೊಲಿಯುವ ಮನೆಯ ಹುಡುಗಿ. ಬೆಳಗಿನ ಹೊತ್ತು ಕೆಲಸ ಮುಗಿಸಿ, ಮುಖ ತೊಳೆದು ಓಡಿ ಬರುತ್ತಿದ್ದಳು. ತಲೆ ಕೊಡವಿಕೊಳ್ಳುವಷ್ಟು ಪುರುಸೊತ್ತು ಇರುತ್ತಿರಲಿಲ್ಲ.

ಮೊದಲ ವರ್ಷದವರಿಗೆ ರಸಾಯನಶಾಸ್ತ್ರ ಕಲಿಸುವುದು ಬಹಳ ಕಾಲ ನನ್ನ ಕೆಲಸವಾಗಿತ್ತು. ಆ ವಿಷಯದಲ್ಲಿ ಹತ್ತಿ ಒಮ್ಮೆ ನಪಾಸಾಗಿದ್ದಳು. ಉಳಿದದ್ದೆಲ್ಲ ಪಾಸು. ದೂರದ ಊರಿನ ಒಂದು ಆಸ್ಪತ್ರೆಯವರು ರಕ್ತಪರೀಕ್ಷೆಯ ಕೆಲಸ ಕಲಿಸಿ, ಇರಲು ಕೋಣೆಯನ್ನೂ ಕೊಡುತ್ತಿದ್ದರು. ಈ ಸಲ ಪಾಸಾದರೆ ಅಲ್ಲಿ ಜಾಗ ಸಿಗುತ್ತಿತ್ತು. ಇಲ್ಲವಾದರೆ ಸಾಯುವತನಕ ಹಾಸಿಗೆ. ಇದನ್ನು ಅವಳೇ ನನಗೆ ಹೇಳಿದಳು, ಅಳದೆ, ಬೇರೆ ಯಾರದೋ ಸಮಾಚಾರ ಹೇಳುವವಳಂತೆ. ಅದು ನನಗೆ ಹಿಡಿಸಿತು.

ಅವಳು ಮುಗ್ಗರಿಸುತ್ತಿದ್ದದ್ದು ಒಂದೇ ಕಡೆ, ಅಣುಗಳ ಆಕಾರದಲ್ಲಿ. ಅದರಲ್ಲೂ ಅಮೋನಿಯದಲ್ಲಿ.

ತಿಳಿಯದವರಿಗಾಗಿ ಎರಡು ಮಾತು ಹೇಳಬೇಕು. ಅಮೋನಿಯದ ನಡುವೆ ಸಾರಜನಕದ ಒಂದು ಪರಮಾಣು, ಅದಕ್ಕೆ ಅಂಟಿಕೊಂಡು ಜಲಜನಕದ ಮೂರು. ಸಾರಜನಕದ ಹೊರಸುತ್ತಿನಲ್ಲಿ ಐದು ಎಲೆಕ್ಟ್ರಾನುಗಳಿರುತ್ತವೆ. ಮೂರು ಈ ಮೂರು ಬಂಧಗಳಿಗೆ ಖರ್ಚಾಗುತ್ತವೆ. ಉಳಿದ ಎರಡು ಯಾರ ಜೊತೆಗೂ ಸೇರದೆ ಒಂದು ಕಡೆ ನಿಲ್ಲುತ್ತವೆ. ಇದಕ್ಕೆ ಒಂಟಿ ಜೋಡಿ ಎನ್ನುತ್ತೇವೆ. ಅದರ ತುದಿಯಲ್ಲಿ ಯಾವ ಪರಮಾಣುವೂ ಇಲ್ಲ. ಆದರೆ ಅದು ಜಾಗ ಹಿಡಿಯುತ್ತದೆ. ಬಂಧದಲ್ಲಿರುವ ಜೋಡಿಗಳಿಗಿಂತ ಹೆಚ್ಚಾಗಿಯೇ ಹಿಡಿಯುತ್ತದೆ. ಹಿಡಿದು ಉಳಿದ ಮೂರನ್ನೂ ತನ್ನಿಂದ ಆಚೆಗೆ ತಳ್ಳುತ್ತದೆ. ಹಾಗಾಗಿ ಅಮೋನಿಯ ಚಪ್ಪಟೆಯಾಗಿಲ್ಲ, ಮುಕ್ಕಾಲಿಯ ಹಾಗೆ ಮೂರು ಕಾಲು ಕೆಳಕ್ಕೆ ಬಾಗಿಸಿಕೊಂಡಿದೆ. ನೀರಿನಲ್ಲಿ ಇಂಥ ಜೋಡಿ ಎರಡಿವೆ. ಆದ್ದರಿಂದ ಅಲ್ಲಿ ಉಳಿದ ಎರಡು ಜಲಜನಕಗಳು ಇನ್ನೂ ಹತ್ತಿರಕ್ಕೆ ಒತ್ತಿಕೊಂಡಿರುತ್ತವೆ.

ನಾನು ನಾಲ್ಕು ಬಲೂನುಗಳ ಬುಡ ಸೇರಿಸಿ ಕಟ್ಟಿ ತೋರಿಸುತ್ತಿದ್ದೆ. ಅವು ತಾವಾಗಿಯೇ ಒಂದನ್ನೊಂದು ತಳ್ಳಿಕೊಂಡು ನಾಲ್ಕು ದಿಕ್ಕು ಹಿಡಿಯುತ್ತವೆ. ಮೂರು ಬಲೂನಿನ ಮೇಲೆ ಜಲಜನಕ ಎಂದು ಬರೆದು ನಾಲ್ಕನೆಯದನ್ನು ಹಾಗೇ ಬಿಡುತ್ತಿದ್ದೆ. ದಡ್ಡರಿಗೂ ಅರ್ಥವಾಗುತ್ತಿತ್ತು. ಹತ್ತಿ ದಡ್ಡಿಯಲ್ಲ. ಎಲೆಕ್ಟ್ರಾನುಗಳ ಲೆಕ್ಕವನ್ನು ತಪ್ಪಿಲ್ಲದೆ ಮಾಡುತ್ತಿದ್ದಳು, ಒಂಟಿ ಜೋಡಿಯ ಎರಡು ಚುಕ್ಕಿಗಳನ್ನೂ ಇಡುತ್ತಿದ್ದಳು. ಆಮೇಲೆ ಆಕಾರ ಬರೆ ಎಂದರೆ ಆ ಚುಕ್ಕಿಗಳನ್ನು ಒರೆಸಿ ಚಪ್ಪಟೆ ತ್ರಿಕೋನ ಬರೆದಿಡುತ್ತಿದ್ದಳು.

"ಇದು ಬೋರಾನಿನ ಆಕಾರ," ಎಂದೆ ಒಂದು ದಿನ. "ಬೋರಾನಿನಲ್ಲಿ ಮೂರು ಬಂಧ ಆದ ಮೇಲೆ ನಿಜವಾಗ್ಲೂ ಏನೂ ಉಳಿಯಲ್ಲ. ಹಾಗಾಗಿ ಮೂರೂ ಆರಾಮಾಗಿ ಚಪ್ಪಟೆ ಹರಡಿಕೊಂಡಿವೆ. ಇಲ್ಲಿ ಉಳಿದಿದೆ."

"ಅಲ್ಲೇನೂ ಇಲ್ಲ ಮೇಡಂ."

"ಈಗ ತಾನೇ ನೀನೇ ಎರಡು ಚುಕ್ಕಿ ಇಟ್ಟೆಯಲ್ಲೇ?"

"ಇಟ್ಟೆ. ಆದ್ರೆ ಅಲ್ಲೇನೂ ಇಲ್ಲ."

ಹಿಂದಿನ ಬೆಂಚಿನಿಂದ ಯಾರೋ, "ಮೇಡಂ, ಅವಳ ತಲೇಲಿ ಹತ್ತಿ ಬಿಟ್ಟು ಬೇರೇನೂ ಇಲ್ಲ," ಎಂದರು. ತರಗತಿ ನಕ್ಕಿತು. ನಾನು ಅವಳ ಮುಖ ನೋಡುತ್ತಿದ್ದೆ. ಹಟಮಾರಿಯ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಇದು ಅದಲ್ಲ. ಮನೆಯಲ್ಲಿ ಕಲಿಸಿದ ಪಾಠ ಒಪ್ಪಿಸುವ ಮಗುವಿನ ಮುಖ ಅದು.

ಪ್ರಯೋಗಾಲಯದಲ್ಲೂ ಅದೇ ಕಥೆ. ಬಣ್ಣ ಬಳಿದ ಮರದ ಗುಂಡುಗಳ ತೂತಿಗೆ ಕಡ್ಡಿ ಸಿಕ್ಕಿಸಿ ಅಣುಗಳ ಮಾದರಿ ಮಾಡಬೇಕು. ಸಾರಜನಕದ ನೀಲಿ ಗುಂಡಿಗೆ ನಾಲ್ಕು ತೂತು. ಹತ್ತಿ ಅದನ್ನು ತಿರುಗಿಸಿ ನೋಡಿ, "ಈ ಗುಂಡು ಸರಿ ಇಲ್ಲ ಮೇಡಂ, ಒಂದು ತೂತು ಜಾಸ್ತಿ ಕೊರೆದಿದ್ದಾರೆ," ಎಂದಳು. ಅಂಗಿಯ ತೋಳಿನಿಂದ ಹತ್ತಿಯ ಎಳೆಗಳನ್ನು ಬಿಡಿಸಿ, ಉಂಡೆ ಮಾಡಿ, ನಾಲ್ಕನೆಯ ತೂತಿಗೆ ಬಿಗಿಯಾಗಿ ತುರುಕಿದಳು. ಎರಡು ಬೆರಳಿನಿಂದ ಒತ್ತಿ ಸಮ ಮಾಡಿದಳು. ನಾನು ಬೈಯಲಿಲ್ಲ. ಗುಂಡನ್ನು ಮೇಜಿನ ಮೇಲೇ ಬಿಟ್ಟು, ಪ್ರಯೋಗಾಲಯಕ್ಕೆ ಬೀಗ ಹಾಕಿಕೊಂಡು ಹೋದೆ. ಬೆಳಿಗ್ಗೆ ಬೀಗ ತೆಗೆದಾಗ ಗುಂಡು ಇದ್ದಲ್ಲೇ ಇತ್ತು, ಹತ್ತಿಯ ಉಂಡೆ ಹೊರಗೆ ಬಿದ್ದಿತ್ತು. ಮರ ಒಣಗಿ ತೂತು ಹಿಗ್ಗಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಆ ತಿಂಗಳು ನನ್ನ ಹಾಸಿಗೆ ಗಂಟುಗಂಟಾಗಿತ್ತು. ಹಾಸಿಗೆಯವರ ಹುಡುಗಿಯೇ ಕಣ್ಣೆದುರಿಗಿರುವಾಗ ಊರೆಲ್ಲ ಹುಡುಕುವುದೇಕೆ ಎಂದು ಅದನ್ನು ಕೂಲಿಯವರಿಂದ ಹೊರಿಸಿ ಅವಳ ಮನೆಗೇ ಕಳಿಸಿ, ಹಿಂದಿನಿಂದ ನಾನೂ ಹೋದೆ.

ಬೀದಿಗೆ ಮುಖ ಮಾಡಿದ ದೊಡ್ಡ ಬಾಗಿಲು ಮುಚ್ಚಿತ್ತು. ತಟ್ಟಿದೆ. ಒಳಗಿನಿಂದ ಗಂಡಸಿನ ದನಿ ಕೇಳಿತು: "ಈ ಕಡೆ ಓಣೀಲಿ ಬನ್ನಿ." ಪಕ್ಕದ ಓಣಿ ಒಬ್ಬರು ನಡೆಯುವಷ್ಟೇ ಅಗಲ. ಹಾಸಿಗೆ ಹೊತ್ತವರು ಅದನ್ನು ಸುರುಳಿ ಸುತ್ತಿ, ಗೋಡೆಗೆ ಉಜ್ಜಿಕೊಂಡು ತರಬೇಕಾಯಿತು. ಹಾಸಿಗೆ ಮಾಡುವವರು ದೊಡ್ಡ ಬಾಗಿಲು ಮುಚ್ಚಿ ಸಂದಿಯಲ್ಲಿ ವ್ಯಾಪಾರ ಮಾಡುತ್ತಾರೆಂದರೆ ಆಶ್ಚರ್ಯವಲ್ಲವೇ?

ಒಳಗೆ ಒಂದೇ ಉದ್ದನೆಯ ಕೋಣೆ. ನಡುವೆ ನೆಲದಿಂದ ಗೇಣೆತ್ತರದ ಹಲಗೆ, ಅದರ ಮೇಲೆ ಹತ್ತಿ ತುಂಬಿದ ಹಾಸಿಗೆ. ಒಂದು ಬದಿಗೆ ಅಣ್ಣ, ಒಂದು ಬದಿಗೆ ಅಕ್ಕ, ಇನ್ನೊಂದಕ್ಕೆ ಹತ್ತಿ. ಮೂವರ ಕೈಯಲ್ಲೂ ದಬ್ಬಳ, ಅಂದರೆ ಗೇಣುದ್ದದ ದಪ್ಪ ಸೂಜಿ. ಬೀದಿಬಾಗಿಲ ಕಡೆಯ ನಾಲ್ಕನೆಯ ಬದಿ ಖಾಲಿ. ತಮ್ಮ ತಮ್ಮ ಬದಿ ಹೊಲಿದ ಮೇಲೆ ಮೂವರೂ ಎದ್ದು, ಏದುಸಿರು ಬಿಡುತ್ತ ಆ ಭಾರದ ಹಾಸಿಗೆಯನ್ನು ತಿರುಗಿಸಿದರು. ಹೊಲಿಯದ ಅಂಚು ಅಕ್ಕನ ಮುಂದೆ ಬಂತು. ಅವಳು ಹೊಲಿದಳು.

"ಎದ್ದು ಆ ಕಡೆ ಹೋಗಿ ಕೂತರೆ ಆಗಲ್ವೇ? ಹಾಸಿಗೇನ ಯಾಕೆ ತಿರುಗಿಸ್ತೀರಿ?" ಎಂದೆ.

ಅಣ್ಣ ತಲೆಯೆತ್ತಲಿಲ್ಲ. "ಮೊದಲಿಂದ ಹಿಂಗೇನೇ ಮೇಡಂ."

"ಅಲ್ಲಿ ಏನಿದೆ?"

"ಅಲ್ಲೇನೂ ಇಲ್ಲ," ಎಂದರು ಮೂವರೂ ಒಟ್ಟಿಗೆ, ಒಂದೇ ರಾಗದಲ್ಲಿ.

ಆಮೇಲೆ ನಾನು ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ. ಮೂವರೂ ನೆಟ್ಟಗೆ ಕೂತಿರಲಿಲ್ಲ. ಅಣ್ಣನ ಬಲಭುಜ, ಅಕ್ಕನ ಕತ್ತು, ಹತ್ತಿಯ ಸೊಂಟ, ಎಲ್ಲವೂ ಬೀದಿಬಾಗಿಲಿಗೆ ವಿರುದ್ಧ ದಿಕ್ಕಿಗೆ ವಾಲಿದ್ದವು. ಬಹಳ ವರ್ಷ ಗಾಳಿ ಒಂದೇ ಕಡೆಯಿಂದ ಬೀಸಿದರೆ ಗಿಡ ವಾಲುತ್ತದಲ್ಲ, ಹಾಗೆ. ಕೋಣೆಯ ಗಾಳಿಯಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ನೆಲ, ಕಿಟಕಿ, ದೀಪದ ತಂತಿ, ಎಲ್ಲದರ ಮೇಲೂ ಬೆಳ್ಳಗೆ ಕೂತಿತ್ತು. ನಾಲ್ಕನೆಯ ಬದಿಯಲ್ಲಿ ಮಾತ್ರ, ಒಬ್ಬರು ಕಾಲು ಮಡಿಸಿ ಕೂರುವಷ್ಟು ಜಾಗದಲ್ಲಿ, ನೆಲ ಕಪ್ಪಗೆ ಹೊಳೆಯುತ್ತಿತ್ತು.

"ಅಲ್ಲಿ ಯಾರು ಗುಡಿಸೋದು?"

"ಆ ಕಡೆ ಯಾರೂ ಹೋಗಲ್ಲ ಮೇಡಂ," ಎಂದಳು ಅಕ್ಕ.

ಬಾಗಿಲ ಸಂದಿಯ ಗಾಳಿಯಿರಬೇಕೆಂದು ಬಗ್ಗಿ ಕೈಯೊಡ್ಡಿದೆ. ಗಾಳಿ ಇರಲಿಲ್ಲ. ಒಂದು ಎಳೆ ಹತ್ತಿ ತೆಗೆದು ಆ ಕಪ್ಪು ನೆಲದ ಮೇಲೆ ಕೈಬಿಟ್ಟೆ. ಅದು ಇಳಿಯುತ್ತ ಇಳಿಯುತ್ತ, ನನ್ನ ಮೊಣಕಾಲಿನ ಎತ್ತರದಲ್ಲಿ ಯಾವುದಕ್ಕೋ ತಾಗಿದ ಹಾಗೆ ನಿಂತಿತು. ನಿಧಾನವಾಗಿ ಜಾರಿ ಬಂದು ನನ್ನ ಚಪ್ಪಲಿಯ ಪಕ್ಕ ಬಿತ್ತು. ಅಣ್ಣ ಹೊಲಿಗೆ ನಿಲ್ಲಿಸಿದ್ದ.

"ಮೇಡಂ, ಹಾಸಿಗೆ ಗುರುವಾರ ಆಗತ್ತೆ. ನೀವು ಹೊರಡಿ," ಎಂದ.

ಓಣಿಯ ಕೊನೆಯವರೆಗೆ ಅಕ್ಕ ಬಂದಳು. ತಂಗಿಗಿಂತ ಬಹಳ ದೊಡ್ಡವಳು, ಮಾತು ಕಡಿಮೆ. "ಅಮ್ಮ ಆ ಬದಿ ಹೊಲೀತಿದ್ಲು," ಎಂದಳು ನನ್ನನ್ನು ನೋಡದೆ. "ಒಂದು ಮಧ್ಯಾಹ್ನ ದಬ್ಬಳ ಹಾಸಿಗೇಲೇ ಚುಚ್ಚಿಟ್ಟು, ಬೀದಿಬಾಗಿಲಿಂದ ಎದ್ದು ಹೋದ್ಲು. ಈಗ ಬರ್ತೀನಿ ಅಂತಾನೂ ಹೇಳಲಿಲ್ಲ. ಚಿಕ್ಕವಳು ಎರಡು ದಿನ ಅಲ್ಲೇ ನೋಡ್ತಾ ಅತ್ತಳು. ಅಣ್ಣ ಎರಡು ಬಾರಿಸಿ, ಅಲ್ಲೇನೂ ಇಲ್ಲ, ಹೇಳು, ಅಲ್ಲೇನೂ ಇಲ್ಲ ಅಂದ. ಅವಳು ಹೇಳಿದ್ಲು. ಆಮೇಲೆ ನಾವೂ ಹೇಳಿದ್ವಿ." ನನ್ನ ಕಡೆ ತಿರುಗಿ, "ಇವಳನ್ನ ಪಾಸು ಮಾಡಿಸಬೇಡಿ ಮೇಡಂ. ಮೂರು ಜನ ಇದ್ರೂ ಹಾಸಿಗೆ ತಿರುಗಿಸಿ ತಿರುಗಿಸಿ ಸಾಕಾಗ್ತಿದೆ," ಎಂದಳು.

"ಪಾಸು ಮಾಡಿಸೋದು ನನ್ನ ಕೈಲಿಲ್ಲಮ್ಮ. ಕಲಿಸೋದು ನನ್ನ ಕೆಲಸ, ಅದನ್ನ ಮಾಡ್ತೀನಿ," ಎಂದೆ.

ಮಾರನೆಯ ದಿನ ಪ್ರಯೋಗಾಲಯದಲ್ಲಿ ಹತ್ತಿಯ ಮುಂದೆ ನೀಲಿ ಗುಂಡನ್ನು ಇಟ್ಟೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಆ ಬದಿಯಲ್ಲಿ ಏನೂ ಇಲ್ಲದಿದ್ದರೆ ನೀವು ಮೂವರೂ ಯಾಕೆ ವಾಲಿದ್ದೀರಿ?"

ಅವಳು ತನ್ನ ಸೊಂಟದ ಮೇಲೆ ತಾನೇ ಕೈಯಿಟ್ಟು ನೋಡಿಕೊಂಡಳು, ಅದು ವಾಲಿರುವುದು ಈಗಷ್ಟೇ ತಿಳಿದವಳಂತೆ. ಮುಖ ಸುಣ್ಣವಾಯಿತು. ಆಮೇಲೆ ಗುಂಡನ್ನು ಎತ್ತಿಕೊಂಡು ಮೂರು ಕಡ್ಡಿ, ಮೂರು ಬಿಳಿ ಗುಂಡು ಸಿಕ್ಕಿಸಿದಳು. ನಾಲ್ಕನೆಯ ತೂತಿಗೆ ಒಂದು ಬರಿಯ ಕಡ್ಡಿ ಒತ್ತಿ ಕೂರಿಸಿದಳು. ಮೇಜಿನ ಮೇಲೆ ಇಟ್ಟಳು. ಮುಕ್ಕಾಲಿಯಂತೆ ನಿಂತಿತು.

"ಅಳ್ತಾ ಇದ್ದೀಯೇನೇ?" ಎಂದೆ.

"ಇಲ್ಲ ಮೇಡಂ. ಹತ್ತಿ ಧೂಳು."

ಪರೀಕ್ಷೆಗೆ ಹೊರಗಿನಿಂದ ಬಂದವರು ನಗುಮುಖದ, ತುಂಟ ಸ್ವಭಾವದ ಪ್ರಾಧ್ಯಾಪಕರು. ಅವಳ ಮಾದರಿಯ ಬರಿಯ ಕಡ್ಡಿ ಹಿಡಿದು, "ಏನಮ್ಮಾ, ಒಂದು ಗುಂಡು ಮನೇಲಿ ಮರೆತು ಬಂದ್ಯಾ?" ಎಂದರು.

"ಇಲ್ಲ ಸಾರ್. ಅಲ್ಲಿ ಇದೆ. ಕಾಣಲ್ಲ ಅಷ್ಟೆ. ಉಳಿದ ಮೂರು ಬಾಗಿರೋದು ಅದರಿಂದಾನೇ."

"ನೀನು ನೋಡಿದ್ದೀಯಾ ಅದನ್ನ?"

"ಬಾಗಿರೋದನ್ನ ನೋಡಿದ್ದೀನಿ ಸಾರ್."

ಅವರು ನಗುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಅಂಕಪಟ್ಟಿ ಎಳೆದುಕೊಂಡು ಬರೆದರು.

ಅವಳು ಪಾಸಾದಳು. ಹೊರಡುವ ದಿನ ಪೆಟ್ಟಿಗೆ ಹಿಡಿದುಕೊಂಡೇ ನನ್ನ ಮನೆಗೆ ಬಂದಳು. ಕೂದಲಲ್ಲಿ ಒಂದೆಳೆಯೂ ಹತ್ತಿ ಇರಲಿಲ್ಲ.

"ಮನೇಲಿ ಏನಂದರು?"

"ಅಣ್ಣ ಮಾತಾಡಲಿಲ್ಲ. ಅಕ್ಕ ಓಣಿ ಬಾಗಿಲಿಗೆ ಅಡ್ಡ ನಿಂತ್ಲು. ಹೋಗೋದಾದ್ರೆ ನನ್ನ ತಳ್ಳಿ ಹೋಗು ಅಂದ್ಲು."

"ತಳ್ಳಿದೆಯಾ?"

"ಇಲ್ಲ ಮೇಡಂ. ಬೀದಿಬಾಗಿಲಿಂದ ಬಂದೆ."

ಆ ಬಾಗಿಲಿಗೆ ಹೋಗಬೇಕಾದರೆ ನಾಲ್ಕನೆಯ ಬದಿಯನ್ನು ದಾಟಲೇಬೇಕು. ಕೇಳಬಾರದೆಂದುಕೊಂಡರೂ ಕೇಳಿದೆ.

"ಏನಾಯಿತು?"

"ಅಮ್ಮಾ, ದಾರಿ ಬಿಡು ಅಂದೆ." ಪೆಟ್ಟಿಗೆಯನ್ನು ಕೈ ಬದಲಾಯಿಸಿಕೊಂಡಳು. "ಸರಿದುಕೊಂಡ್ಲು ಮೇಡಂ. ಬಟ್ಟೆ ಸರಿಯೋ ಸದ್ದು ಅಕ್ಕಂಗೂ ಕೇಳಿಸ್ತು. ಅದಕ್ಕೇ ಅವಳು ಹಿಡಿಯೋಕೆ ಬರಲಿಲ್ಲ."

ಈಗ ಅವಳು ಆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ಆರೋಗ್ಯವಾಗಿದ್ದಾಳೆ. ಆಗಾಗ ಫೋನು ಮಾಡುತ್ತಾಳೆ, ಚುಟುಕಾಗಿ ಮಾತಾಡುತ್ತಾಳೆ. ಇದನ್ನು ಒತ್ತಿ ಹೇಳಲು ಕಾರಣವಿದೆ.

ಹೋದ ಚಳಿಗಾಲದಲ್ಲಿ ಹೊಲಿಯಲು ಹೇಳಿ ಕಳಿಸಿದ್ದ ಒಂದು ದಿಂಬು ತರಲು ಆ ಮನೆಗೆ ಹೋದೆ. ಹೊರಡುವ ಮೊದಲಷ್ಟೇ ಹತ್ತಿಯ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಮನೆಯವರಿಗೆ ಏನಾದರೂ ಹೇಳಬೇಕೇ ಎಂದರೆ, ಚೆನ್ನಾಗಿದ್ದೀನಿ ಅನ್ನಿ, ಎಂದಿದ್ದಳು. ಓಣಿಯಿಂದ ಒಳಗೆ ಕಾಲಿಟ್ಟೆ. ಹಲಗೆಯ ಒಂದು ಮೂಲೆಯಲ್ಲಿ ಅಣ್ಣ, ಅಕ್ಕ ಕೂತಿದ್ದರು. ಅಷ್ಟು ದೊಡ್ಡ ಹಲಗೆಯಿದ್ದೂ ಇಬ್ಬರ ಮೊಣಕಾಲುಗಳು ತಾಗುತ್ತಿದ್ದವು, ದಬ್ಬಳ ಎಳೆದಾಗ ಒಬ್ಬರ ಮೊಣಕೈ ಇನ್ನೊಬ್ಬರಿಗೆ ಹೊಡೆಯುತ್ತಿತ್ತು. ಎರಡು ಬದಿ ಹೊಲಿಯುವುದು, ಎದ್ದು ತಿರುಗಿಸುವುದು, ಮತ್ತೆ ಎರಡು ಬದಿ. ಇಬ್ಬರಿಗೂ ಬೆನ್ನು ಬಾಗಿತ್ತು.

ನೆಲದ ಮೇಲೆ ಹತ್ತಿ ಕೂರದ ಕಪ್ಪು ಜಾಗ ಈಗ ಎರಡಾಗಿತ್ತು.

ಒಂದು ಬೀದಿಬಾಗಿಲ ಕಡೆ. ಇನ್ನೊಂದು ಹತ್ತಿ ಕೂತು ಹೊಲಿಯುತ್ತಿದ್ದ ಬದಿಯಲ್ಲಿ. ಮೊದಲಿನದಕ್ಕಿಂತ ಚಿಕ್ಕದು, ತೆಳ್ಳಗಿನ ಹುಡುಗಿ ಕಾಲು ಮಡಿಸಿ ಕೂತಷ್ಟು.

"ನಿಮ್ಮ ತಂಗಿ ಈಗ ತಾನೇ ಮಾತಾಡಿದಳು. ಚೆನ್ನಾಗಿದ್ದಾಳಂತೆ," ಎಂದೆ, ಆ ಜಾಗ ನೋಡದಿರಲು ಪ್ರಯತ್ನಿಸುತ್ತ.

ಅಕ್ಕ ದಾರ ಎಳೆದು ಹಲ್ಲಿನಿಂದ ಕಡಿದಳು. "ಆ ಬದೀಲಿ ಏನೂ ಇಲ್ಲ ಮೇಡಂ," ಎಂದಳು.

ದಿಂಬು ಚೆನ್ನಾಗಿ ಹೊಲಿದಿದ್ದರು. ದುಡ್ಡು ಕೊಟ್ಟೆ. ಬಿಸಿಲು ಬೀದಿಯಲ್ಲಿತ್ತು, ಓಣಿಯಲ್ಲಿ ಕೆಸರಿತ್ತು. ದೊಡ್ಡ ಬಾಗಿಲಿಗೆ ಚಿಲಕ ಸಹ ಹಾಕಿರಲಿಲ್ಲ. ಜೀವಮಾನವಿಡೀ ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ ಎಂದು ಹುಡುಗಿಯರಿಗೆ ಹೇಳಿದವಳು ನಾನು. ಆ ಕಪ್ಪು ನೆಲದ ಮೇಲೆ ಹಾಯ್ದರೆ ಬಾಗಿಲು ನಾಲ್ಕೇ ಹೆಜ್ಜೆಯ ದೂರ.

ದಿಂಬನ್ನು ಎದೆಗೆ ಒತ್ತಿಕೊಂಡು ಓಣಿಯಲ್ಲೇ ಹೊರಗೆ ಬಂದೆ.